ಅಂಬಿಗನ ನಾಡಿ

ಚೀನಾದ ಒಂದು ನದಿಯ ದಡದಲ್ಲಿ ಫಾಂಗ್ ಎಂಬ ಮುದಿ ವೈದ್ಯರಿದ್ದರು. ನಾಡಿ ನೋಡಿ ಬೇರು, ತೊಗಟೆ ಕೊಡುವ ಹಳೆಯ ಪದ್ಧತಿ ಅವರದು. ಎಪ್ಪತ್ತು ದಾಟಿದ ಮೇಲೆ ಅದೇನು ಹೊಳೆಯಿತೋ, ಒಂದು ಕಂಪ್ಯೂಟರ್ ತರಿಸಿ ಎರಡೇ ಬೆರಳಲ್ಲಿ ಟೈಪ್ ಮಾಡಲು ಕಲಿತರು.

ಅದರಲ್ಲಿ ಪ್ರತಿ ರೋಗಿಗೂ ಒಂದು ಪುಟ. ಪಟ್ಟಣದ ಆಸ್ಪತ್ರೆಯವರು ಕೊಟ್ಟ ಮಾತ್ರೆಗಳ ವಿವರವೂ ಆ ಪುಟದಲ್ಲೇ ಕಾಣುತ್ತಿತ್ತು.

ಶಿಷ್ಯ ಜೂನ್‌ಗೆ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ಅವನದು ನಾಡಿ ವೈದ್ಯರ ಮನೆತನ. ರೋಗಿ ಬಾಯಿ ಬಿಡುವ ಮೊದಲೇ ವೈದ್ಯ ರೋಗ ಹೇಳಿಬಿಡಬೇಕು, ಅದು ಆ ಮನೆಯ ಪ್ರತಿಷ್ಠೆ.

"ಪರದೆ ನೋಡಿ ರೋಗ ಹೇಳುವುದು ಪರೀಕ್ಷೆಯಲ್ಲಿ ನಕಲು ಹೊಡೆದ ಹಾಗೆ, ಗುರುಗಳೇ."

"ಇಲ್ಲಿ ಪರೀಕ್ಷೆ ಬರೆಯುತ್ತಿರುವವರು ಯಾರಪ್ಪಾ?" ಎಂದರು ಫಾಂಗ್.



ಒಂದು ದಿನ ಗುರುಗಳು ಬೇರು ತರಲು ಬೆಟ್ಟಕ್ಕೆ ಹೋಗಿದ್ದರು. ದೋಣಿ ನಡೆಸುವ ಅಂಬಿಗ ಮೌ ಬಂದು ಕೈ ಚಾಚಿ ಕುಳಿತ.

"ವೈದ್ಯರೇ, ನಾನು..."

"ಶ್! ನಾಡಿ ಹಿಡಿದಾಗ ಮಾತಾಡಬಾರದು."

ಮೌ ಬಾಯಿ ಮುಚ್ಚಿಕೊಂಡ. ಜೂನ್ ಕಣ್ಣು ಮುಚ್ಚಿದ.

"ಎಡಗಾಲು ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಭಾರ. ಹೌದೋ ಅಲ್ಲವೋ?"

"ಅಯ್ಯೋ, ಕಣ್ಣಾರೆ ಕಂಡ ಹಾಗೆ ಹೇಳಿದಿರಲ್ಲ!"

ಮೊದಲೇ ಬೀಗುತ್ತಿದ್ದವನು, ಇಷ್ಟು ಹೊಗಳಿಕೆ ಸಿಕ್ಕ ಮೇಲೆ ಕೇಳಬೇಕೆ? ರಕ್ತ ಸರಾಗ ಹರಿಯಲೆಂದು ಒಂದು ಕೆಂಪು ಬೇರನ್ನು ಧಾರಾಳವಾಗಿ ಕಟ್ಟಿಕೊಟ್ಟ. ಕಂಪ್ಯೂಟರ್ ತೆರೆಯಲೇ ಇಲ್ಲ.

ಐದನೆಯ ದಿನ ಅಂಬಿಗನ ಹೆಂಡತಿ ಓಡಿಬಂದಳು.

"ಮೂಗಲ್ಲಿ, ಒಸಡಲ್ಲಿ ರಕ್ತ. ನಿಲ್ಲುತ್ತಲೇ ಇಲ್ಲ. ಏನು ಕೊಟ್ಟಿರಿ ನಮ್ಮವರಿಗೆ?"

ಅಷ್ಟರಲ್ಲಿ ಗುರುಗಳು ಬೆಟ್ಟದಿಂದ ಮರಳಿದ್ದರು. ಅವರು ಅಂಬಿಗನ ಪುಟ ತೆರೆದರು. ಹೃದಯದ ಕಾಯಿಲೆಗೆ ಆಸ್ಪತ್ರೆಯವರು ತಿಂಗಳಿಂದ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಬೇರೂ ಮಾತ್ರೆಯ ಮೇಲೆ ಸೇರಿತ್ತು.

ಫಾಂಗ್ ಬೈಯಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಬೇರಿನ ಹೆಸರು, ತೂಕ, ಎಷ್ಟು ದಿನ ಅದರ ಕಷಾಯ ಕುಡಿದ, ಎಲ್ಲ ಹೇಳಿದರು. ಅಂಬಿಗನನ್ನು ಅವನದೇ ದೋಣಿಯಲ್ಲಿ ಮಲಗಿಸಿ ಪಟ್ಟಣಕ್ಕೆ ಕಳಿಸಿದರು.

ಒಂಬತ್ತು ದಿನ ಜೂನ್‌ಗೆ ಅನ್ನ ಇಳಿಯಲಿಲ್ಲ. ದಡಕ್ಕೆ ಯಾವ ದೋಣಿ ಬಂದರೂ ಹೆದರಿ ಎದ್ದು ನಿಲ್ಲುತ್ತಿದ್ದ.

ಹತ್ತನೆಯ ದಿನ ಮೌ ನಡೆದುಕೊಂಡೇ ಬಂದ. ಬಡಕಲಾಗಿದ್ದ, ಆದರೆ ಬದುಕಿದ್ದ. ಅವನನ್ನು ಕಂಡು ಜೂನ್ ಅತ್ತುಬಿಟ್ಟ.

ಆಮೇಲೆ ಮುಖ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಹೋಗಿ ಕುಳಿತ. ಮೌ ಕೈ ಚಾಚಿದರೂ ಮುಟ್ಟಲಿಲ್ಲ.

"ಕೈ ಹಿಡಿಯುವುದಿಲ್ಲವೇನೋ?" ಎಂದರು ಫಾಂಗ್.

"ಇಲ್ಲ ಗುರುಗಳೇ. ನನ್ನ ಬೆರಳು ಮೋಸ ಮಾಡಿತು. ಇನ್ನು ಮೇಲೆ ಈ ಪರದೆ ಹೇಳಿದ್ದೇ ಸರಿ."

"ಜೋಮು ಹಿಡಿದದ್ದು ಎಡಗಾಲು ತಾನೆ, ಮೌ?"

"ಹೌದು, ಎಡಗಾಲೇ."

"ಬೆರಳು ಸುಳ್ಳು ಹೇಳಲಿಲ್ಲವಲ್ಲ," ಎಂದರು ಫಾಂಗ್. ಮತ್ತೆ ಅಂಬಿಗನ ಕಡೆ ತಿರುಗಿದರು. "ಮಾತ್ರೆ ನುಂಗುತ್ತಿದ್ದೆಯಲ್ಲ, ಅವತ್ತು ಯಾಕೆ ಹೇಳಲಿಲ್ಲ?"

ಮೌ ಸಂಕೋಚದಿಂದ ತಲೆ ಕೆರೆದುಕೊಂಡ.

"ಹೇಳೋಣ ಅಂತಲೇ ಬಾಯಿ ತೆರೆದೆ ಅಯ್ಯಾ. ಮಾತಾಡಬಾರದು ಅಂದರು."

ಜೂನ್ ತಲೆ ತಗ್ಗಿಸಿದ. ಕೀಲಿಮಣೆಯ ಮೇಲೆ ಕೈಯಿಟ್ಟು ಅಂಬಿಗನ ಪುಟ ಹುಡುಕತೊಡಗಿದ.

"ಇದನ್ನೂ ಬರೆದುಕೊಳ್ಳುತ್ತೇನೆ, ಗುರುಗಳೇ."

"ಬರೆದುಕೋ. ಅವನ ಪುಟದಲ್ಲಲ್ಲ," ಎಂದರು ಫಾಂಗ್. "ಹೊಸ ಪುಟ ತೆರೆ. ರೋಗಿಯ ಹೆಸರು ಅಂತ ಇದೆಯಲ್ಲ, ಅಲ್ಲಿ ನಿನ್ನ ಹೆಸರು ಹಾಕು."