ಉಕ್ಕಿನ ಹುಳುಮನೆ

ಪ್ರೀಫಾ... ಪ್ರೀಪ್ಯಾ... ಆ ಹೆಸರು ಪೂರ್ತಿ ನನ್ನ ಬಾಯಿಗೆ ಬರುವುದಿಲ್ಲ, ಪುಟ್ಟೀ. ಕಾರ್ಖಾನೆಯಲ್ಲಿ ಮಾಡಿ ತಂದು, ಬೋಲ್ಟು ಬಿಗಿದು ನಿಲ್ಲಿಸುವ ಉಕ್ಕಿನ ಮನೆ. ನಮ್ಮ ಶಿಡ್ಲಘಟ್ಟದ ಕಡೆ ವೆಂಕಟರೋಣಪ್ಪನವರು ರೇಷ್ಮೆಹುಳು ಸಾಕಲು ಅದನ್ನು ಕೊಳ್ಳಹೊರಟರು.

"ಹುಳು ಸತ್ತರೆ ಹೊಣೆ ನಿನ್ನದು. ಅವತ್ತೇ ಗಂಟುಮೂಟೆ ಕಟ್ಟು" ಎಂದರು ಆಳು ಪಿಳ್ಳಪ್ಪನಿಗೆ.

ಪಿಳ್ಳಪ್ಪನಿಗೆ ಚಿಂತೆ ಹತ್ತಿತು. ಬಿಸಿಲಿಗೆ ತಗಡು ಕಾದರೆ ಹುಳು ಉಳಿಯುವುದುಂಟೇ?

"ಒಳಗೆ ಹೊಂಗೆ ನೆರಳಿದ್ದ ಹಾಗಿರುತ್ತೆ" ಎಂದ ಮಾರಲು ಬಂದವನು.

"ಹಾಗಾದರೆ ನಿಮ್ಮ ಮಾದರಿ ಮನೆಯಲ್ಲಿ ಮಟಮಟ ಮಧ್ಯಾಹ್ನ ನೀವೂ ಯಜಮಾನರೂ ಇಬ್ಬರೂ ಬಾಗಿಲು ಮುಚ್ಚಿಕೊಂಡು ಕೂತ್ಕೊಳ್ಳಿ ಸ್ವಾಮಿ. ಹುಳು ಒಂದು ಸಲ ಸೊಪ್ಪು ತಿನ್ನೋವಷ್ಟು ಹೊತ್ತು ಸಾಕು. ಆಮೇಲೆ ಹೊಣೆ ನಂದೇ" ಎಂದ ಪಿಳ್ಳಪ್ಪ.

ಕೂತರು. ಮೊದಲು ಇಬ್ಬರೂ ನಗುತ್ತಿದ್ದುದು ಕೇಳಿಸಿತು. ಆಮೇಲೆ ಬಟ್ಟೆಯಲ್ಲಿ ಗಾಳಿ ಬೀಸಿಕೊಳ್ಳುವ ಸದ್ದು. ಹೊರಗೆ ಪಿಳ್ಳಪ್ಪ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ. ಕೊನೆಗೆ ಬಾಗಿಲು ದಡಾರನೆ ತೆರೆಯಿತು. ಮಾರುವವನ ಅಂಗಿ ಬೆವರಿಗೆ ತೊಯ್ದು ಹಿಂಡುವಂತಿತ್ತು.

"ಛಾವಣಿಗೆ ಶಾಖ ತಡೆಯೋ ಪದರ ಬೇಕು, ಗಾಳಿಗೆ ಕಿಂಡಿ ಬೇಕು! ಅವಿದ್ದರೆ ನಿಜವಾಗ್ಲೂ ತಂಪು!"

"ಅದನ್ನ ಮೊದಲೇ ಹೇಳೋದಲ್ವಾ ಸ್ವಾಮಿ? ಪಾಪ, ಹುಳುಗಳಿಗೆ ಬಾಗಿಲು ತೆಗೆಯೋಕೆ ಬರಲ್ಲ."

ವೆಂಕಟರೋಣಪ್ಪನವರು ಮುಖ ಒರೆಸಿಕೊಳ್ಳುತ್ತಾ ಮಾರುವವನ ಕಡೆ ತಿರುಗಿದರು. "ಎರಡನ್ನೂ ಹಾಕಿಕೊಡು. ಹೊಣೆ ಇವನದಲ್ಲ, ನಿನ್ನದು."

ಪುಟ್ಟೀ, ಇಷ್ಟನ್ನು ಬರೆದಿಡಮ್ಮ. ಆ ಮನೆಯ ಹೆಸರು ಮಾತ್ರ ನೀನೇ ಸರಿಯಾಗಿ ಹಾಕು.