ಧಣಿ ಮಲಗಿದ್ದಾರೆ

ವಾರಿಜಮ್ಮನವರು ಒಂದೇ ಬಿಸಿಲಿನಲ್ಲಿ ಎರಡು ಕೆಲಸ ಮುಗಿಸಲು ಹೊರಟರು. ವರ್ಷಕ್ಕಾಗುವಷ್ಟು ಸಂಡಿಗೆಯನ್ನು ತಾರಸಿಯಲ್ಲಿ ಒಣಹಾಕಿ, ಆಗಷ್ಟೇ ಸ್ನಾನ ಮಾಡಿಸಿದ್ದ ಪೊಮೆರೇನಿಯನ್ ನಾಯಿ ಅರಳೆಯನ್ನು ಪಕ್ಕದಲ್ಲಿ ಬಿಟ್ಟರು. "ನೀನೂ ಒಣಗು, ಇದನ್ನೂ ಕಾಯಿ," ಎಂದು ಕೆಳಗಿಳಿದು ಹೋದರು.

ಅವರು ಅತ್ತ ಹೋದದ್ದೇ, ಇತ್ತ ಕಪ್ಪು ಮೋರೆಯ ಕೋತಿ, ಮುಸುವ, ತಾರಸಿಯ ಗೋಡೆ ಏರಿತು. ಅರಳೆಯ ಎದೆ ಧಸಕ್ಕೆಂದಿತು. ಇಷ್ಟು ದಿನ ಮುಸುವ ಹೆದರಿ ಓಡುತ್ತಿದ್ದದ್ದು ಅವನ ಉಬ್ಬಿದ ಬಿಳಿ ಕೂದಲಿಗೆ. ಈಗ ಕೂದಲು ಮೈಗಂಟಿ ಅವನು ಹೆಗ್ಗಣದಷ್ಟಾಗಿದ್ದ.

"ಎಲೈ ಬಡಕಲೇ, ಇಲ್ಲಿದ್ದ ಬಿಳಿ ನಾಯಿ ಎಲ್ಲಿ?" ಎಂದಿತು ಮುಸುವ.

ನಾನೇ ಎಂದರೆ ಇದಕ್ಕಿದ್ದ ಭಯವೂ ಹೋಗುತ್ತದೆ ಎಂದು ಅರಳೆ ಯೋಚಿಸಿದ.

"ಧಣಿ ಟ್ಯಾಂಕಿನ ಹಿಂದೆ ಮಲಗಿದ್ದಾರೆ. ಎದ್ದರೆ ನಿನ್ನ ಗತಿ ನೆಟ್ಟಗಿರುವುದಿಲ್ಲ. ನಾನು ಅವರ ಆಳು," ಎಂದ ಅರಳೆ.

"ಮಲಗಿರಲಿ ಬಿಡು," ಎಂದು ಮುಸುವ ಧುಮುಕಿ ಸಂಡಿಗೆಗೆ ಕೈಹಾಕಿತು.

ಹೆದರಿದ ಅರಳೆಗೆ ಬೊಗಳಲು ದನಿಯೇ ಏಳಲಿಲ್ಲ. ಆದರೂ ಜಾಗ ಬಿಡದೆ, ಮುಸುವನ ಬೆರಳನ್ನು ಕಚಕ್ಕನೆ ಕಚ್ಚಿ ಹಿಡಿದ.

ಮುಸುವ ಚೀರಿ, ಕೈ ಕಿತ್ತುಕೊಂಡು ಪಕ್ಕದ ಮನೆಯ ಹೆಂಚಿನ ಮಾಡಿಗೆ ಹಾರಿತು. ಬಹಳ ಹೊತ್ತು ಬೆರಳು ನೆಕ್ಕುತ್ತಾ ಕುಳಿತಿದ್ದು, ಮತ್ತೆ ಬಂದು ಇಣುಕಿತು. ಅಷ್ಟರಲ್ಲಿ ಅರಳೆಯ ಕೂದಲೆಲ್ಲ ಒಣಗಿ, ಮೊದಲಿನಂತೆ ಉಬ್ಬಿ ನಿಂತಿತ್ತು.

"ಈಗ ಎದ್ದಿರಾ ಧಣಿ? ಇನ್ನು ನಿಮಗೆ ನಾನು ಹೆದರುವುದಿಲ್ಲ," ಎಂದಿತು ಮುಸುವ. ಆಮೇಲೆ ಗಾಯದ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ದನಿ ತಗ್ಗಿಸಿತು. "ನಿಜ ಹೇಳಿ, ನಿಮ್ಮ ಆ ಆಳು ಇಲ್ಲೆಲ್ಲಾದರೂ ಇದ್ದಾನೆಯೇ?"

ಅರಳೆ ಬೊಗಳಲು ತೆರೆದ ಬಾಯನ್ನು ಮುಚ್ಚಿಕೊಂಡ.

"ಇಲ್ಲೇ ಇದ್ದಾನೆ," ಎಂದ ಮೆಲ್ಲಗೆ.