ಕೊರಳಿಗೆ ಹಾಕಿಕೊಂಡ ಕೀಬೋರ್ಡು

ನದಿಯ ದಂಡೆಯ ಮಠದಲ್ಲಿ ರೇವಣಯ್ಯ ಗವಾಯಿಗಳು ಸಂಗೀತ ಕಲಿಸುತ್ತಿದ್ದರು. ಅಲ್ಲಿ ಎಲ್ಲರೂ ಕುಳಿತೇ ನುಡಿಸುವುದು ವಾಡಿಕೆ.

ಶಿಷ್ಯ ಇಂದುಧರ ಮೊದಲು ಆರ್ಕೆಸ್ಟ್ರಾದಲ್ಲಿದ್ದವನು. ಅಲ್ಲಿಂದ ಒಂದು ಹಳೆಯ ಕೀಬೋರ್ಡು ತಂದಿದ್ದ. ಪುಟ್ಟದು. ಪಟ್ಟಿ ಕಟ್ಟಿ ಗಿಟಾರಿನಂತೆ ಕೊರಳಿಗೆ ಹಾಕಿಕೊಳ್ಳುವಂಥದ್ದು.

ಮಠದ ಹಿರಿಯ ಗುರುಗಳ ಪುಣ್ಯತಿಥಿಯ ಹಿಂದಿನ ದಿನ ಅವನು ಗವಾಯಿಗಳ ಮುಂದೆ ಬಂದು ನಿಂತ.

“ನಾಳೆಯ ಭಜನೆಗೆ ಇದನ್ನು ನಿಂತು ನುಡಿಸುತ್ತೇನೆ. ತಾವು ಬೇಡವೆಂದರೆ ಆರ್ಕೆಸ್ಟ್ರಾದವರು ಕರೆಯುತ್ತಿದ್ದಾರೆ, ಹೊರಡುತ್ತೇನೆ.”

ತಬಲಾದ ಕಲ್ಲಿನಾಥ ನಕ್ಕ. “ಕೂಸು ಕಟ್ಟಿಕೊಂಡು ಸಂತೆಗೆ ಹೊರಟ ಹಾಗಿದೆಯಲ್ಲೋ!”

ಗುರುಗಳು ನಗಲಿಲ್ಲ. “ನಿಂತೇ ಯಾಕಪ್ಪಾ?”

“ಕುಳಿತರೆ ನಾನೂ ಒಬ್ಬ ಇದ್ದೇನೆಂದು ಯಾರಿಗೆ ತಿಳಿಯುತ್ತದೆ ಗುರುಗಳೇ?”

“ಸರಿ. ಈಗಲೇ ಎಲ್ಲರ ಜೊತೆ ನುಡಿಸಿ ತೋರಿಸು.”

ಭಜನೆ ಶುರುವಾಯಿತು. ಹಾರ್ಮೋನಿಯಂ, ತಬಲಾ, ತಾಳ, ಎಲ್ಲರ ಕೊರಳು. ಇಂದುಧರನ ಕೀಬೋರ್ಡಿನ ಉದ್ದನೆಯ ವೈರು ಗುರುಗಳ ಪಕ್ಕದ ಸ್ಪೀಕರಿಗೆ ಸೇರಿತ್ತು.

ಅವನು ಆ ತುದಿಯಿಂದ ಈ ತುದಿಗೆ ನಡೆದ. ಬಾಗಿದ. ತಲೆ ಕೊಡವಿದ. ನದಿಯ ಮೆಟ್ಟಿಲ ಮೇಲಿದ್ದ ಜನ ಹತ್ತಿರ ಬಂದರು.

ಎರಡನೆಯ ಚರಣದಲ್ಲಿ ಗುರುಗಳು ಕೈ ಚಾಚಿದರು. ಸ್ಪೀಕರಿನ ಸದ್ದು ಇಳಿಸಿ ವೈರನ್ನು ಮೆಲ್ಲಗೆ ಕಳಚಿದರು.

ಭಜನೆ ಸಾಗಿತು. ಇಂದುಧರನ ಬೆರಳುಗಳೂ ಸಾಗಿದವು. ಕೊನೆಗೆ ಜನ ಚಪ್ಪಾಳೆ ತಟ್ಟಿದರು.

ಅವನು ಬೆವರು ಒರೆಸಿಕೊಂಡ. “ನೋಡಿದಿರಾ ಗುರುಗಳೇ?”

ಗುರುಗಳು ವೈರಿನ ತುದಿಯನ್ನು ಎತ್ತಿ ಹಿಡಿದರು.

ಇಂದುಧರ ಅದನ್ನು ನೋಡಿದ, ಸ್ಪೀಕರನ್ನು ನೋಡಿದ. “ಯಾವಾಗ?”

“ಎರಡನೆಯ ಚರಣದಲ್ಲಿ.”

ಕಲ್ಲಿನಾಥ ಈಗ ನಗಲಿಲ್ಲ. ಅವನಿಗೂ ಗೊತ್ತಾಗಿರಲಿಲ್ಲ.

ಇಂದುಧರ ಕೊರಳಿನ ಪಟ್ಟಿ ಬಿಚ್ಚಿದ. “ಇನ್ನು ಇದನ್ನು ಮುಟ್ಟುವುದಿಲ್ಲ.”

“ವಾದ್ಯ ಏನು ಮಾಡಿತು? ನಾಳೆ ತೆಗೆದುಕೊಂಡು ಬಾ.”

“ನಿಂತು ನುಡಿಸಲೋ, ಕುಳಿತೋ?”

ಗುರುಗಳು ವೈರನ್ನು ಅವನ ಕೈಗಿತ್ತರು.

“ಹೇಗಾದರೂ ನುಡಿಸು. ನಡುವೆ ನೀನು ಸುಮ್ಮನಾದರೆ ನಮಗೆ ಗೊತ್ತಾಗಬೇಕು.”